ಬೋಗುಣಿ ಹಿಡಿದು ಬರುತ್ತಿದ್ದವಳು

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಹಾಗಾದರೆ ಬದುಕಿದ್ದವರ ಮೇಲೆ ಪಡಬಹುದೇನು ಎಂದು ಕೇಳಿದರೆ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು. ಹೋದ ತಿಂಗಳು ಸೂರತ್ತಿನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಹಂಸಾಬೇನ್ ಫೋನು ಮಾಡಿ, ನಮ್ಮ ಹಳೆಯ ನೆರೆಮನೆಯಾಕೆ ತೀರಿಕೊಂಡು ಎರಡು ವಾರವಾಯಿತೆಂದು ಹೇಳಿ ಬಿಕ್ಕಿ ಬಿಕ್ಕಿ ಅತ್ತಳು. ಅವಳ ಹಿಂದೆ ಇನ್ನೂ ಯಾರೋ ಅಳುವುದು ಕೇಳುತ್ತಿತ್ತು. ಹದಿಮೂರನೆಯ ದಿನ ಅಪಾರ್ಟ್‌ಮೆಂಟಿನ ಮೂರೂ ವಿಂಗಿನ ಹೆಂಗಸರು ಸೇರಿ, ಆಕೆಗೆ ಪ್ರೀತಿಯದೆಂದು, ಕೆಸುವಿನ ಎಲೆ ತಂದು ಪತ್ರೊಡೆ ಮಾಡಿದರಂತೆ. ಗುಜರಾತಿನ ಹೆಂಗಸರು, ಕುಂದಾಪುರದ ಕಡೆಯ ಪತ್ರೊಡೆ! ನಾನು ಧಾರವಾಡದ ನಮ್ಮ ಮನೆಯಲ್ಲಿ ಫೋನು ಹಿಡಿದು ನಿಂತವಳು, ಮೊದಲು ದುಃಖಪಡಬೇಕಾಗಿತ್ತು. ದುಃಖ ಆಮೇಲೆ ಬಂತು. ಮೊದಲು ಬಂದದ್ದು, ನಾನು ಸತ್ತರೆ ಯಾರು ಏನು ಮಾಡಿ ಬಡಿಸುತ್ತಾರೆ ಎಂಬ ಲೆಕ್ಕಾಚಾರ.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದ್ದಾಗ ಬೇಕಾದಷ್ಟು ಹೆಸರು ಮಾಡಿಕೊಂಡಿದ್ದಾಳೆ, ನನ್ನಿಂದ ಇನ್ನಷ್ಟು ಆಗುವುದು ಬೇಡ. ಹಾಗೆ ನೋಡಿದರೆ ಸೂರತ್ತಿನಲ್ಲಿ ಆಕೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆಕೆಯ ಗಂಡನ ಉಡುಪಿ ಹೋಟೆಲಿನ ಹುಡುಗರು ‘ಅಕ್ಕಾ’ ಎನ್ನುವುದನ್ನು ಕೇಳಿ, ಅದೇ ಹೆಸರಿರಬೇಕೆಂದುಕೊಂಡು ಗುಜರಾತಿಗಳು ತಮ್ಮ ‘ಬೇನ್’ ಅನ್ನೂ ಅದಕ್ಕೆ ಅಂಟಿಸಿ ‘ಅಕ್ಕಾಬೇನ್’ ಮಾಡಿದ್ದರು. ಒಬ್ಬಳನ್ನೇ ಎರಡೆರಡು ಸಲ ಅಕ್ಕ ಮಾಡಿ ಕರೆಯುವುದು. ನನ್ನನ್ನು ಅದೇ ಜನ ‘ಬೇಂಕವಾಳಾನಾ ಮಿಸೆಸ್’ ಎನ್ನುತ್ತಿದ್ದರು, ಎಂದರೆ ಬ್ಯಾಂಕಿನವರ ಹೆಂಡತಿ. ನಾನೂ ಒಂದು ವಿಮಾ ಕಚೇರಿಯಲ್ಲಿ ಕೈತುಂಬ ಸಂಬಳ ತರುವ ಕೆಲಸದಲ್ಲಿದ್ದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ತೊಂಬತ್ತರ ದಶಕದ ಮಾತು. ನನ್ನ ಗಂಡನ ಬ್ಯಾಂಕಿನವರು ಅವರನ್ನು ಸೂರತ್ತಿಗೆ ಎತ್ತಿಹಾಕಿದಾಗ ನಾನೂ ಓಡಾಡಿ ವರ್ಗ ಮಾಡಿಸಿಕೊಂಡೆ. ತಾಪಿ ನದಿಯ ಆಚೆ ದಂಡೆ, ಅಡಾಜಣ್. ಹೊಸ ಹೊಸ ಅಪಾರ್ಟ್‌ಮೆಂಟುಗಳು ಎದ್ದು ನಿಂತಿದ್ದವು. ಅತ್ತೆಗೆ ಮೆಟ್ಟಿಲು ಹತ್ತುವುದಾಗದೆಂದು ನೆಲಮಹಡಿಯ ಮನೆಯನ್ನೇ ಹುಡುಕಿ ಹಿಡಿದೆವು. ನಮ್ಮ ಮೇಲೆ ಹಂಸಾಬೇನ್. ಅವಳ ಮೇಲೆ, ಎರಡನೇ ಮಹಡಿಯಲ್ಲಿ, ಈಕೆ. ಸಾಮಾನು ಇಳಿಸುವಾಗಲೇ ಕನ್ನಡದವರು ಮೇಲಿದ್ದಾರೆ ಎಂದು ಕಾವಲುಗಾರ ಹೇಳಿದ. ನನಗೆ ಸಂತೋಷವೇ ಆಯಿತು. ಆ ಸಂತೋಷ ಒಂದು ವಾರ ಇತ್ತು.

ನೋಡಲು ಏನೂ ಇರಲಿಲ್ಲ ಬಿಡಿ. ಕುಳ್ಳಗೆ, ದುಂಡಗೆ, ಕಾಟನ್ ಸೀರೆಯನ್ನು ಸದಾ ಒಂದು ಗೇಣು ಮೇಲೆ ಸಿಕ್ಕಿಸಿರುತ್ತಿದ್ದಳು. ಮಾತಿಗೆ ಮೊದಲೇ ನಗು ಬರುತ್ತಿತ್ತು. ಯಾವ ಮಾತಿಗೆ ನಕ್ಕಳೆಂದು ತಿಳಿಯಬೇಕಾದರೆ ನಾವು ಕಾಯಬೇಕು. ಬಾಗಿಲ ಗಂಟೆ ಒತ್ತುವ ರೂಢಿ ಇರಲಿಲ್ಲ. ಕೈಯಲ್ಲಿನ ಬೋಗುಣಿಯಿಂದ ಕಬ್ಬಿಣದ ಜಾಲರಿ ಬಾಗಿಲಿಗೆ ಟಣ್ ಟಣ್ ಎಂದು ಬಡಿಯುವುದು. ಆ ಸದ್ದು ಬಿದ್ದರೆ ಇಡೀ ವಿಂಗಿಗೆ ಗೊತ್ತು, ಅಕ್ಕಾಬೇನ್ ಏನೋ ಕೇಳಲು ಬಂದಿದ್ದಾಳೆ ಎಂದು.

ಹೌದು, ಕೇಳಲು. ಅದೇ ಆಕೆಯ ಉದ್ಯೋಗ. ಗಂಡನಿಗೆ ಸ್ಟೇಷನ್ ಹತ್ತಿರ ಭರ್ಜರಿ ನಡೆಯುವ ಹೋಟೆಲು. ಮನೆಗೆ ಸಕ್ಕರೆ, ಬೇಳೆ, ಮೆಣಸಿನಕಾಯಿ ಮೂಟೆಯಲ್ಲೇ ಬರುತ್ತಿದ್ದವು. ನಾನೇ ಕಣ್ಣಾರೆ ಕಂಡಿದ್ದೇನೆ. ಅಂಥವಳು ದಿನ ಬೆಳಗಾದರೆ ಸೆರಗಿನಡಿ ಒಂದು ಬೋಗುಣಿ ಹಿಡಿದು ಯಾರದಾದರೂ ಮನೆಗೆ ಹೊರಡುತ್ತಿದ್ದಳು. ಒಂದು ಮನೆಯಲ್ಲಿ ಸಕ್ಕರೆ, ಇನ್ನೊಂದರಲ್ಲಿ ಹೆಪ್ಪಿಗೆ ಮೊಸರು, ಮತ್ತೊಂದರಲ್ಲಿ ಸೂಜಿ. ಏಣಿ, ಸುತ್ತಿಗೆ, ಹಳೇ ಪೇಪರು. ಮೂರನೇ ಮಹಡಿಯಲ್ಲಿ ವಜ್ರ ಉಜ್ಜುವ ಕೆಲಸದ ಇಬ್ಬರು ಅಣ್ಣತಮ್ಮಂದಿರಿದ್ದರು, ಕಾಠಿಯಾವಾಡದ ಕಡೆಯವರು, ಯಾರೊಡನೆಯೂ ಬೆರೆಯದವರು. ಅವರ ಮನೆಗೂ ಹೋಗಿ ಒಂದು ಹಿಡಿ ಬಾಜ್ರಾ, ಅಂದರೆ ಸಜ್ಜೆ, ಹಿಟ್ಟು ಕೇಳಿದ್ದಳು. ರೊಟ್ಟಿ ತಟ್ಟಲು ಆಕೆಗೆ ಬರುತ್ತಲೇ ಇರಲಿಲ್ಲ!

ಮರುದಿನ ಬೋಗುಣಿ ವಾಪಸ್ ಹೋಗುತ್ತಿತ್ತು. ಬರಿದಾಗಿ ಅಲ್ಲ. ಅದರಲ್ಲಿ ಸಾಂಬಾರೋ ಕಾಯಿ ಚಟ್ನಿಯೋ ಇರುತ್ತಿತ್ತು. ಆ ಬೋಗುಣಿಯನ್ನು ಬರಿದಾಗಿ ಮರಳಿಸಲು ಅವರಿಗೂ ಮನಸ್ಸು ಬರುತ್ತಿರಲಿಲ್ಲ, ಢೋಕಳಾ ಹಾಕಿ ಕಳಿಸುತ್ತಿದ್ದರು. ಗುಜರಾತಿಗಳಲ್ಲಿ ಇದಕ್ಕೆ ‘ವಾಟ್ಕೀ ವ್ಯವಹಾರ’ ಎಂದೇ ಹೆಸರಿದೆ, ವಾಟ್ಕೀ ಎಂದರೆ ಬಟ್ಟಲು. ಅವರದೇ ಪದ್ಧತಿಯನ್ನು ಅವರಿಗೇ ಹೊಸದಾಗಿ ಕಲಿಸಿದವಳ ಹಾಗೆ ಈಕೆ ಮೆರೆಯುತ್ತಿದ್ದಳು. ಹಂಸಾಬೇನ್ ಮಾಡುವ ಪಾತ್ರಾ ಮತ್ತು ಈಕೆಯ ಪತ್ರೊಡೆ ಎರಡೂ ಕೆಸುವಿನೆಲೆಯವೇ. ಯಾವುದು ಮೊದಲು ಹುಟ್ಟಿದ್ದೆಂದು ಇಬ್ಬರೂ ಮೆಟ್ಟಿಲ ಮೇಲೆ ನಿಂತು ಜಗಳವಾಡುವುದು, ಆಮೇಲೆ ಒಬ್ಬರದನ್ನು ಒಬ್ಬರು ತಿನ್ನುವುದು. ಒಳಗಿನಿಂದ ಕೇಳುತ್ತ ನನಗೆ ಮೈ ಉರಿಯುತ್ತಿತ್ತು.

ಆಕೆಯ ಗುಜರಾತಿಯ ಬಗ್ಗೆಯೂ ಹೇಳಬೇಕು. ಅದು ಗುಜರಾತಿಯೇ ಅಲ್ಲ. ಹಿಂದಿ, ಕುಂದಾಪುರದ ಕನ್ನಡ, ಹೋಟೆಲಿನ ಭಾಷೆ ಎಲ್ಲ ಕಲಸಿದ ಚಿತ್ರಾನ್ನ. ಗಂಡಸರಿಗೆ ಹೆಂಗಸರ ರೂಪ, ಹೆಂಗಸರಿಗೆ ವಸ್ತುಗಳ ರೂಪ ಹಚ್ಚಿ ಮಾತಾಡುತ್ತಿದ್ದಳು. ನಾನಾದರೋ ಪುಸ್ತಕ ತಂದು, ಅಕ್ಷರ ತಿದ್ದಿ, ಕಚೇರಿಯಲ್ಲಿ ಒಬ್ಬರ ಹತ್ತಿರ ಉಚ್ಚಾರ ಸರಿಪಡಿಸಿಕೊಂಡು ಶುದ್ಧ ಗುಜರಾತಿ ಕಲಿತವಳು. ಪೇಪರು ಓದುತ್ತಿದ್ದೆ. ಆದರೆ ಓದಿದ್ದನ್ನು ಹೇಳಿಕೊಳ್ಳಲು ಯಾರಿದ್ದರು? ಮೆಟ್ಟಿಲಲ್ಲಿ ಎದುರಾದರೆ ‘ಕೇಮ್ ಛೋ’, ‘ಮಜಾಮಾ’, ಅಷ್ಟೇ. ಆಕೆ ಅದೇ ಮೆಟ್ಟಿಲಲ್ಲಿ ಎದುರಾದರೆ ಕಾಲು ಗಂಟೆ ಹರಟೆ.

ಪ್ಲೇಗಿನ ಗಲಾಟೆ ಎದ್ದ ವರ್ಷ ನಾವು ಸೂರತ್ತಿಗೆ ಬಂದು ಬಹಳ ದಿನ ಆಗಿರಲಿಲ್ಲ. ಊರಿಗೆ ಊರೇ ಗಂಟುಮೂಟೆ ಕಟ್ಟಿ ರೈಲು ಹತ್ತಿತು. ನಾವೂ ಹೊರಟೆವು. ಆಗ ನಮ್ಮ ವಿಂಗಿನವರೆಲ್ಲ ತಮ್ಮ ತಮ್ಮ ಮನೆಯ ಬೀಗದ ಕೈಯನ್ನು ಕೊಟ್ಟು ಹೋದದ್ದು ಆಕೆಯ ಹತ್ತಿರ. ಹೋಟೆಲಿನ ಹುಡುಗರನ್ನು ಬಿಟ್ಟು ಹೋಗಲಾಗದೆ ಆಕೆಯೂ ಗಂಡನೂ ಅಲ್ಲೇ ಉಳಿದಿದ್ದರು. ಆಕೆಯ ಅಡುಗೆಮನೆಯ ಮೊಳೆಗೆ ಕೀಲಿಗಳ ಗೊಂಚಲು ನೇತುಬಿದ್ದಿತ್ತು. ನಾನು ನಮ್ಮ ಕೀಲಿಯನ್ನು ಪರ್ಸಿನಲ್ಲಿಟ್ಟುಕೊಂಡೇ ಧಾರವಾಡಕ್ಕೆ ಬಂದೆ. ಮರಳಿ ಹೋಗಿ ನೋಡಿದರೆ ಎಲ್ಲರ ಬಾಲ್ಕನಿಯ ತುಳಸಿಯೂ ಹಸಿರಾಗಿತ್ತು, ನಮ್ಮದು ಒಣಗಿ ಕಡ್ಡಿಯಾಗಿತ್ತು. ‘ಕೀಲಿ ಕೊಟ್ಟಿದ್ರೆ ನಾನ್ ನೀರ್ ಹಾಕ್ತಿದ್ನಲೆ’ ಎಂದು ಆಕೆ ನಕ್ಕಾಗ, ಆ ತುಳಸಿ ಕುಂಡವನ್ನು ಆಕೆಯ ಕಾಲ ಮೇಲೆ ಕೆಡವಬೇಕೆನ್ನಿಸಿತು.

ಇಷ್ಟಕ್ಕೂ ನನ್ನ ಕಿಚ್ಚಿಗೆ ಮೂಲ ಬೇರೆಯೇ ಇತ್ತು. ಆಕೆ ನನ್ನ ಹತ್ತಿರ ಏನನ್ನೂ ಕೇಳುತ್ತಿರಲಿಲ್ಲ.

ನಾವು ಬಂದ ಮೊದಲ ವಾರ ಒಮ್ಮೆ ಬಂದಿದ್ದಳು. ಟಣ್ ಟಣ್. ‘ಒಂದ್ ಲೋಟ ತೊಗರಿಬೇಳೆ ಇತ್ತಾ ಅಮ್ಮ?’ ಎಂದಳು. ಊರಿನಿಂದ ಹೊಸ ಬೇಳೆ ಬಂದಿತ್ತು. ನಾನು ದೊಡ್ಡ ಡಬ್ಬಿಗೇ ತುಂಬಿ ಕೈಯಲ್ಲಿಟ್ಟೆ. ‘ಇಷ್ಟೆಲ್ಲ ಎಂತಕೆ?’ ಎಂದಳು. ‘ತಗೋರಿ, ಏನಾತೀಗ. ವಾಪಸ್ ಕೊಡೂದೇನೂ ಬ್ಯಾಡ್ರಿ, ಡಬ್ಬೀನೂ ನಿಮಗs ಇರ್ಲಿ’ ಎಂದೆ. ನಮ್ಮ ಕಡೆ ಕೊಟ್ಟರೆ ಹೀಗೇ ಕೊಡುವುದು. ಅಳೆದು ಕೊಟ್ಟರೆ ಜಿಪುಣರೆಂದು ಹೆಸರು ಬರುತ್ತದೆ. ಆಕೆ ಡಬ್ಬಿಯನ್ನು ಎದೆಗವಚಿಕೊಂಡು, ಒಂದು ಕ್ಷಣ ನನ್ನ ಮುಖ ನೋಡಿ, ನಕ್ಕು ಹೋದಳು. ಅದೇ ಕೊನೆ. ಮತ್ತೆ ನನ್ನ ಬಾಗಿಲಿಗೆ ಬೋಗುಣಿಯ ಸದ್ದು ಬೀಳಲಿಲ್ಲ.

ಸಣ್ಣ ಮಾತು ಎನ್ನಿಸಬಹುದು. ಕೇಳಿ ಕಾಡಿಸುವವಳು ಬರದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ನನ್ನ ಗಂಡನೂ ಹೇಳಿದರು. ಆದರೆ ರವಿವಾರ ಮನೆಯಲ್ಲಿ ಕುಳಿತಾಗ ಮೇಲೆ ಟಣ್ ಟಣ್, ಎದುರಿಗೆ ಟಣ್ ಟಣ್. ನಮ್ಮ ಬಾಗಿಲನ್ನು ದಾಟಿಕೊಂಡು ಹೋಗುವ ಚಪ್ಪಲಿಯ ಸದ್ದು. ನಾನು ಬೇಕೆಂದೇ ಬಾಗಿಲು ತೆರೆದಿಟ್ಟು, ಒಗ್ಗರಣೆ ಘಮ್ಮೆನ್ನುವಂತೆ ಹಾಕಿ ಕಾದದ್ದುಂಟು. ಆಕೆ ಬಾಗಿಲಲ್ಲಿ ಬಗ್ಗಿ, ‘ಅಡಿಗೆ ಆಯ್ತಾ?’ ಎಂದು ಕೇಳಿ ಮುಂದೆ ಹೋಗುತ್ತಿದ್ದಳು. ಎಲ್ಲರ ಮನೆಯ ಸಕ್ಕರೆಯೂ ಸಿಹಿ, ನಮ್ಮ ಮನೆಯದು ಮಾತ್ರ ಕಹಿಯೇ?

ಅದೇ ದಿನಗಳಲ್ಲಿ ನಮ್ಮ ಮನೆಯ ಪಾತ್ರೆಗಳು ಕಾಣೆಯಾಗತೊಡಗಿದವು. ಮದುವೆಯಲ್ಲಿ ನನ್ನ ತವರಿನವರು ಕೊಟ್ಟ ಸ್ಟೀಲಿನ ಬೋಗುಣಿಗಳು, ಒಂದೊಂದರ ಮೇಲೂ ಅಪ್ಪನ ಹೆಸರು ಕನ್ನಡದಲ್ಲಿ ಕೆತ್ತಿಸಿದ್ದು. ಇವತ್ತೊಂದಿಲ್ಲ, ನಾಳೆ ಅದು ಬಂದು ಇನ್ನೊಂದಿಲ್ಲ. ಅತ್ತೆಯನ್ನು ಕೇಳಿದರೆ, ‘ಇಲ್ಲೇ ಎಲ್ಲೋ ಇರಬೇಕು, ಪಾತ್ರಿಗೇನ ಕಾಲ ಬಂದಾವೇನ?’ ಎನ್ನುತ್ತಿದ್ದರು. ವಯಸ್ಸಾಯಿತು, ಎಲ್ಲೋ ಇಟ್ಟು ಮರೆಯುತ್ತಾರೆ ಎಂದುಕೊಂಡೆ.

ಅತ್ತೆಯ ಸ್ವಭಾವವನ್ನೂ ಹೇಳಿಬಿಡುತ್ತೇನೆ, ಮುಂದಿನದು ತಿಳಿಯಲು ಬೇಕು. ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ನಾನು ಮಾಡಿದ ಯಾವ ಅಡಿಗೆಗೂ ‘ಬರೋಬರಿ ಆಗ್ಯದ’ ಎಂದವರಲ್ಲ. ರಕ್ತದೊತ್ತಡ ಏರಿ ಒಮ್ಮೆ ಬಿದ್ದು, ಎಡಗಾಲು ಸೋತುಹೋಗಿತ್ತು. ಮಾತ್ರೆ ಒಂದು ಹೊತ್ತೂ ತಪ್ಪಕೂಡದು, ತಪ್ಪಿದರೆ ಈ ಸಲ ಜೀವಕ್ಕೇ ಬರುತ್ತದೆ ಎಂದು ಡಾಕ್ಟರು ನನ್ನನ್ನೇ ಎದುರಿಗೆ ಕೂರಿಸಿ ಹೇಳಿದ್ದರು. ಮಾತ್ರೆ ಕೊಡುವ ಕೆಲಸ ನನ್ನದು. ಅತ್ತೆಗೂ ನನಗೂ ಮಾತಿಗಿಂತ ಮಾತ್ರೆಯ ಸಂಬಂಧವೇ ಹೆಚ್ಚಿತ್ತು.

ನೆರೆ ಬಂದದ್ದು ಒಂದು ಭಾದ್ರಪದದಲ್ಲಿ. ಮೇಲೆ ಅಣೆಕಟ್ಟು ತುಂಬಿದೆ, ನೀರು ಬಿಡುತ್ತಾರೆ ಎಂದು ಹಿಂದಿನ ದಿನವೇ ಜೀಪಿನಲ್ಲಿ ಕೂಗಿಕೊಂಡು ಹೋಗಿದ್ದರು. ಸೂರತ್ತಿನವರಿಗೆ ಇದು ಹೊಸದಲ್ಲ. ‘ತಾಪಿಮಾತಾ ಬರ್ತಾಳೆ, ಹೋಗ್ತಾಳೆ’ ಎಂದು ಕಡಲೆಹಿಟ್ಟಿನ ಫಾಫ್ಡಾ ತಿನ್ನುತ್ತ ಕೂತಿದ್ದರು. ನನ್ನ ಗಂಡ ಬ್ಯಾಂಕಿನ ತಪಾಸಣೆಗೆಂದು ವಡೋದರಾಕ್ಕೆ ಹೋಗಿದ್ದರು. ಹಗಲು ಮಂಜಲ್‌ಪುರದ ಶಾಖೆ, ರಾತ್ರಿ ಫತೇಗಂಜಿನ ಲಾಡ್ಜು. ನಾನು ವಿಮಾ ಕಚೇರಿಯವಳಲ್ಲವೇ, ಶಿಸ್ತಾಗಿ ಎಲ್ಲ ಕಾಗದಪತ್ರಗಳನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಹಾಸಿಗೆಗಳನ್ನು ಕಪಾಟಿನ ಮೇಲೆ ಏರಿಸಿದೆ. ಯಾರ ಹಂಗೂ ಬೇಡದಂತೆ ತಯಾರಾದೆ ಎಂದು ಹೆಮ್ಮೆಯಿಂದ ಮಲಗಿದೆ.

ಬೆಳಿಗ್ಗೆ ಚಹಾಕ್ಕಿಡುವಾಗ ಬಚ್ಚಲಿನ ತೂತಿನಿಂದ ನೀರು ಮೇಲೆ ಬರತೊಡಗಿತು. ನಾನು ಬಟ್ಟೆ ತುರುಕಿದೆ. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಬಂತು. ನೋಡನೋಡುತ್ತ ಪಾದ, ಆಮೇಲೆ ಮೊಣಕಾಲು. ಕೆಸರು ಬಣ್ಣದ ನೀರು, ಡೀಸೆಲ್ ವಾಸನೆ. ಅತ್ತೆಯ ಮಂಚದ ಅಂಚಿಗೆ ನೀರು ಮುಟ್ಟಿತು. ಅವರನ್ನು ಎಬ್ಬಿಸಿ ಹೆಗಲು ಕೊಟ್ಟೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಇಬ್ಬರೂ ಜೋಲಿ ಹೊಡೆದು ಮಂಚದ ಮೇಲೇ ಕುಸಿದೆವು. ನಾನು ಕಿಟಕಿಯ ಸರಳು ಹಿಡಿದು ಕೂಗಿದೆ. ಮೊದಲು ಶುದ್ಧ ಗುಜರಾತಿಯಲ್ಲಿ, ಆಮೇಲೆ ಹಿಂದಿಯಲ್ಲಿ, ಕಡೆಗೆ ‘ಯಾರರೆ ಬರ್ರೀ’ ಎಂದು ನಮ್ಮ ಮಾತಿನಲ್ಲೇ. ಮೇಲೆಲ್ಲ ಸಾಮಾನು ಎಳೆಯುವ, ಮಕ್ಕಳು ಅಳುವ ಗದ್ದಲ. ಯಾರೂ ತಿರುಗಿ ನೋಡಲಿಲ್ಲ. ಅವರಾದರೂ ಏನೆಂದು ನೋಡಬೇಕು? ಕೂಗಿದವಳ ದನಿ ಯಾರದೆಂದು ಅವರಿಗೆ ಗೊತ್ತಿದ್ದರೆ ತಾನೇ.

ಆಗ ಎರಡನೇ ಮಹಡಿಯಿಂದ ಆಕೆಯ ಗಂಟಲು ಕೇಳಿಸಿತು. ‘ಹಂಸಾಬೇನ್! ನೀಚೇ ಅಜ್ಜಿ ಹೈ! ಹೀಂಚ್ಕೋ ನಿಕಾಲೋ, ಜಲ್ದೀ!’ ಕೆಳಗೆ ಅಜ್ಜಿ ಇದ್ದಾರೆ, ಹೀಂಚ್ಕೋ ಕಳಚಿ ಎಂದು. ಆಮೇಲೆ ಮೂರನೇ ಮಹಡಿಯ ಅಣ್ಣತಮ್ಮಂದಿರನ್ನು ಹೆಸರು ಹಿಡಿದು ಕರೆದಳು.

ಗುಜರಾತಿಗಳ ಮನೆಯ ನಡುಮನೆಯಲ್ಲಿ ತೂಗುಮಣೆ ಇರುತ್ತದೆ, ಹೀಂಚ್ಕೋ ಎನ್ನುತ್ತಾರೆ. ಅಗಲವಾದ ಸಾಗುವಾನಿ ಹಲಗೆ. ಹಂಸಾಬೇನ್‌ಳ ಗಂಡ ಅದರ ಸರಪಳಿ ಕಳಚಿ ಹಲಗೆಯನ್ನು ಹೊತ್ತುಕೊಂಡು ಬಂದ. ವಜ್ರದ ಅಣ್ಣತಮ್ಮಂದಿರು ಎದೆಮಟ್ಟದ ನೀರಿನಲ್ಲಿ ನಡೆದು ಬಂದು, ಅತ್ತೆಯನ್ನು ಎತ್ತಿ ಆ ಹಲಗೆಯ ಮೇಲೆ ಮಲಗಿಸಿ, ಸೀರೆಯಿಂದ ಬಿಗಿದು, ಮೆಟ್ಟಿಲು ಹತ್ತಿಸಿ ಮೇಲಕ್ಕೆ ಸಾಗಿಸಿದರು. ನಾನು ಕಾಗದಪತ್ರದ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಹಿಂದೆ ಹೋದೆ. ದಾರಿಯುದ್ದಕ್ಕೂ ಅವರು ಅತ್ತೆಯನ್ನು ‘ಅಜ್ಜಿ, ಹೆದರಬೇಡಿ’ ಎಂದು ಸಮಾಧಾನ ಮಾಡುತ್ತಿದ್ದರು. ಗುಜರಾತಿ ಮಾತಿನ ನಡುವೆ ಕನ್ನಡದ ‘ಅಜ್ಜಿ’! ಅತ್ತೆಯನ್ನು ಇವರೆಲ್ಲ ಯಾವಾಗ ನೋಡಿದರು, ಯಾವಾಗ ಅಜ್ಜಿ ಮಾಡಿಕೊಂಡರು ಎಂದು ನನಗೆ ಅರ್ಥವಾಗಲಿಲ್ಲ.

ಅರ್ಥವಾದದ್ದು ಮಧ್ಯಾಹ್ನ. ಆಕೆಯ ಮನೆಯಲ್ಲಿ ವಿಂಗಿಗೆ ವಿಂಗೇ ಸೇರಿತ್ತು. ನೀರು ಬರುವ ಸುದ್ದಿ ಸಿಕ್ಕೊಡನೆ ಹೋಟೆಲಿನ ದೊಡ್ಡ ಪಾತ್ರೆ, ಗ್ಯಾಸ್ ಸಿಲಿಂಡರು ತರಿಸಿಟ್ಟಿದ್ದಳು. ಯಾರೋ ಅಕ್ಕಿ ತಂದರು, ಯಾರೋ ಹೆಸರುಬೇಳೆ, ಯಾರೋ ಆಲೂಗಡ್ಡೆ. ಖಿಚಡಿ ಆಯಿತು. ಹಂಸಾಬೇನ್ ತನ್ನ ಮನೆಯಿಂದ ಬೋಗುಣಿಗಳನ್ನು ತಂದು ಬಡಿಸತೊಡಗಿದಳು. ನನ್ನ ಕೈಗೆ ಬಂದ ಬೋಗುಣಿಯ ಮೇಲೆ ಕನ್ನಡ ಅಕ್ಷರವಿತ್ತು. ನಮ್ಮಪ್ಪನ ಹೆಸರು! ಪಕ್ಕಕ್ಕೆ ತಿರುಗಿದೆ, ವಜ್ರದವರ ತಮ್ಮ ಊಟ ಮಾಡುತ್ತಿದ್ದ ಬೋಗುಣಿಯ ಮೇಲೂ ನಮ್ಮಪ್ಪ.

‘ಅತ್ತೀ, ಇವೆಲ್ಲಾ ಇಲ್ಲಿಗೆ ಹೆಂಗ ಬಂದುವರೀ?’ ಎಂದೆ.

‘ಈ ಮನೀಯಾಕಿ ಒಯ್ದಾಳ’ ಎಂದರು ಅತ್ತೆ, ಖಿಚಡಿಯಿಂದ ತಲೆ ಎತ್ತದೆ. ‘ನೀ ಆಫೀಸಿಗೆ ಹ್ವಾದ ಮ್ಯಾಲೆ ದಿನಾ ಹಿತ್ತಲ ಕಿಡಕ್ಯಾಗ ಬರ್ತಾಳ. ಚಟ್ನಿಪುಡಿ ಬೇಡ್ತಾಳ, ಕೊಡ್ತೀನಿ, ಅಜ್ಜಿ ಕೊಟ್ಟಾಳ ಅಂತ ಮನಿಮನಿಗೆ ಹಂಚತಾಳ. ನಾಳೆ ಬೋಗಣಿ ಬೆಳಗಿ ತಂದುಕೊಡು ಅಂತ ಬೈದು ಕಳಸ್ತೀನಿ. ನಮ್ಮ ಶೇಂಗಾ ಚಟ್ನಿ ಈ ಮಂದಿ ರುಚಿ ಹಚಗೊಂಡಾರ.’

‘ನನಗ ಹೇಳಬಾರದೇನರೀ?’

‘ನಿನಗ ಹೇಳಿದ್ರ ಡಬ್ಬಿಗಟ್ಟಲೆ ಕೊಟ್ಟು ಕಳಸ್ತಿದ್ದಿ.’

ನನ್ನ ಅತ್ತೆ. ನನ್ನೊಡನೆ ಹೂಂ, ಊಹೂಂ ಬಿಟ್ಟರೆ ಮಾತಿಲ್ಲದ ಅತ್ತೆ ಕಿಟಕಿಯಲ್ಲಿ ಕೂತು ದಿನವೂ ಆಕೆಯೊಡನೆ ಹರಟಿದ್ದರು. ನನ್ನ ಶೇಂಗಾದಲ್ಲಿ, ನನ್ನ ತವರಿನ ಬೋಗುಣಿಯಲ್ಲಿ, ಇಡೀ ವಿಂಗಿನ ನಂಟು ಬೆಳೆಸಿದ್ದರು. ಬೆಳಿಗ್ಗೆ ನೀರಿನಲ್ಲಿ ಇಳಿದು ಬಂದವರು ಚಟ್ನಿ ಕೊಟ್ಟ ಅಜ್ಜಿಗಾಗಿ ಬಂದವರು. ಜೀವ ಉಳಿಯಿತೆಂದು ಕೈ ಮುಗಿಯಬೇಕಾದ ಹೊತ್ತಿನಲ್ಲಿ ನನಗೆ ಬಂದದ್ದು ಅಳು, ಅದೂ ಹೊಟ್ಟೆಕಿಚ್ಚಿನ ಅಳು.

ಸಂಜೆ ಆಕೆ ಒಬ್ಬಳೇ ಸಿಕ್ಕಾಗ ಕೇಳಿಯೇಬಿಟ್ಟೆ. ‘ಎಲ್ಲಾರ ಹಂತೇಲೆ ಕೇಳ್ತೀರಿ. ನನ್ನ ಹಂತೇಲೆ ಯಾಕ ಕೇಳಲಿಲ್ಲ?’

‘ಕೇಂಡಿದ್ನಲೆ!’ ಎಂದು ನಕ್ಕಳು. ‘ಒಂದ್ ಲೋಟ ಕೇಂಡ್ರೆ ಡಬ್ಬಿ ತುಂಬ ಕೊಟ್ರಿ. ವಾಪಸ್ ಬ್ಯಾಡ ಅಂದ್ರಿ.’

‘ಅಂದೆ. ಅದರಾಗ ತಪ್ಪೇನೈತಿ?’

‘ತಪ್ಪ್ ಎಂತದ್ದೂ ಇಲ್ಲೆ ಮಾರಾಯ್ತಿ. ವಾಪಸ್ ಬ್ಯಾಡ ಅಂದ್ರೆ ನಾನ್ ಮತ್ತೆ ಹ್ಯಾಂಗ್ ಬಪ್ಪುದು? ಕೈ ಬೀಸ್ಕಂಡ್ ಬಪ್ಪುಕ್ ಆತ್ತಾ?’

ಇಷ್ಟು ವರ್ಷ ನಾನು ಔದಾರ್ಯ ಎಂದು ತಿಳಿದದ್ದನ್ನು ಆಕೆ ಬಾಗಿಲು ಹಾಕಿದ ಸದ್ದು ಎಂದು ಕೇಳಿಸಿಕೊಂಡಿದ್ದಳು. ಅದನ್ನು ಹೇಳುವಾಗಲೂ ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಮಾಡಿಕೊಂಡಿದ್ದರೆ ನನಗೆ ಹಗುರಾಗುತ್ತಿತ್ತು.

ಅತ್ತೆಗೆ ಮಾತ್ರೆ ಕೊಡುವ ಹೊತ್ತಾಗಿತ್ತು. ಚೀಲ ಬಿಚ್ಚಿದೆ. ವಿಮೆಯ ಕಾಗದ, ಬ್ಯಾಂಕಿನ ಕಾಗದ, ರೇಷನ್ ಕಾರ್ಡು, ಗಂಡನ ಡಿಗ್ರಿ, ನನ್ನ ಡಿಗ್ರಿ ಎಲ್ಲ ಒಣಗಿ ಗರಿಗರಿಯಾಗಿದ್ದವು. ಮಾತ್ರೆ ಇರಲಿಲ್ಲ. ಅದು ಮಂಚದ ಪಕ್ಕದ ಸ್ಟೂಲಿನ ಮೇಲೆ ರಟ್ಟಿನ ಡಬ್ಬಿಯಲ್ಲಿತ್ತು, ಈಗ ಎಲ್ಲಿ ತೇಲುತ್ತಿತ್ತೋ ದೇವರಿಗೇ ಗೊತ್ತು. ಆ ರಾತ್ರಿ ಹೇಗೋ ಕಳೆಯಿತು. ಬೆಳಗಾಗುವಾಗ ಅತ್ತೆಯ ಮುಖ ಕೆಂಪೇರಿತ್ತು, ತಲೆ ಸಿಡಿಯುತ್ತದೆ ಎನ್ನುತ್ತಿದ್ದರು. ಮೊದಲು ಬಿದ್ದ ದಿನವೂ ಹೀಗೆಯೇ ಶುರುವಾದದ್ದು. ನೀರು ಇಳಿದಿರಲಿಲ್ಲ. ಅಂಗಡಿ, ಆಸ್ಪತ್ರೆ, ಫೋನು ಯಾವುದೂ ಇರಲಿಲ್ಲ. ಈ ಮುದುಕಿ ನನ್ನ ಕೈಯಲ್ಲಿ ಹೋದರೆ ಗಂಡನಿಗೆ ಏನೆಂದು ಮುಖ ತೋರಿಸಲಿ?

ಆಕೆ ಒಲೆಯ ಮುಂದಿದ್ದಳು. ಮಾತ್ರೆಯ ಹೆಸರು ಹೇಳಿದೆ. ಕೈಯಾಡಿಸುತ್ತಲೇ, ‘ಸಿ ವಿಂಗಿನ ಮೇಲಿನ್ ಮನಿ ಕಾಣಿ, ಅಲ್ಲೊಬ್ರು ರಿಟೈರ್ಡ್ ಮಾಸ್ತರ್ ಇದ್ರ್. ಅದೇ ಮಾತ್ರೆ ತಕಂತ್ರ್’ ಎಂದಳು.

‘ನೀವು ಹೋಗಿ ತರ್ರೆಲಾ. ನಿಮಗ ಗುರ್ತಿನವರು.’

‘ನನ್ ಕೈ ಖಾಲಿ ಇಲ್ಲೆ. ನೀವೇ ಹೋಯ್ನಿ. ಬಾಯಿದ್ದವ ಬರಗಾಲದಲ್ಲೂ ಬದುಕಿದ ಅಂತ್ರ್. ನಿಮ್ ಗುಜರಾತಿ ನನ್ನದಕ್ಕಿಂತ ಚಂದ ಅಲ್ದಾ?’

ಕೈ ಖಾಲಿ ಇಲ್ಲವಂತೆ! ಸೌಟು ಯಾರ ಕೈಯಲ್ಲಾದರೂ ಕೊಡಬಹುದಿತ್ತು. ಬೇಕೆಂದೇ ಮಾಡುತ್ತಿದ್ದಾಳೆ ಎಂದು ಹಲ್ಲು ಕಚ್ಚಿಕೊಂಡೆ. ಆದರೆ ಅತ್ತೆ ಗೋಡೆಗೆ ತಲೆ ಒರಗಿಸಿ ನರಳುತ್ತಿದ್ದರು, ಸಿಟ್ಟು ಮಾಡುತ್ತ ನಿಲ್ಲಲು ಹೊತ್ತಿರಲಿಲ್ಲ.

ವಿಂಗುಗಳ ತಾರಸಿ ಒಂದಕ್ಕೊಂದು ಹೊಂದಿಕೊಂಡಿದ್ದವು, ನಡುವೆ ಮೊಣಕಾಲೆತ್ತರದ ಗೋಡೆ. ಹತ್ತಿ ಇಳಿದು ಹೋದೆ. ಸುತ್ತ ಎಲ್ಲಿ ನೋಡಿದರೂ ನೀರು, ಅದರಲ್ಲಿ ಸ್ಕೂಟರುಗಳ ಕನ್ನಡಿ ಮಾತ್ರ ಮೇಲೆ ಕಾಣುತ್ತಿತ್ತು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ವಾಕ್ಯ ಕಟ್ಟಿಕೊಂಡೆ. ಹುಟ್ಟಿದಾಗಿನಿಂದ ಯಾರ ಬಾಗಿಲಿಗೂ ಬೇಡಲು ಹೋದವಳಲ್ಲ. ಬೆಂಕಿಪೆಟ್ಟಿಗೆ ಮುಗಿದರೆ ಮಳೆಯಲ್ಲಿ ಅಂಗಡಿಗೆ ಹೋಗಿ ತಂದವಳು.

ಮಾಸ್ತರರ ಸೊಸೆ ಬಾಗಿಲು ತೆರೆದಳು. ನಾನು ತಪ್ಪಿಲ್ಲದ ಗುಜರಾತಿಯಲ್ಲಿ ಎಲ್ಲವನ್ನೂ ಹೇಳಿದೆ. ಅವಳ ಮುಖ ಬಿಗಿಯಾಗಿಯೇ ಇತ್ತು. ಅವಳದೂ ತಪ್ಪಲ್ಲ, ಮಾವನಿಗೆ ಇರುವ ಮಾತ್ರೆ ಅಷ್ಟೇ, ಅಂಗಡಿ ಯಾವಾಗ ತೆರೆಯುತ್ತದೋ ಯಾರಿಗೆ ಗೊತ್ತು.

‘ಯಾವ ಮನೆ?’ ಎಂದಳು.

‘ಎ ವಿಂಗು, ನೆಲಮಹಡಿ.’

‘ಅಲ್ಲಿ ಯಾರಿದ್ದಾರೆ? ನಮಗೆ ಗೊತ್ತಿಲ್ಲವಲ್ಲ.’

ವರ್ಷಗಟ್ಟಲೆ ಒಂದೇ ಗೇಟಿನಲ್ಲಿ ಹೋಗಿ ಬಂದಿದ್ದೇವೆ. ಗಂಡನ ಬ್ಯಾಂಕು ಹೇಳಿದೆ. ನನ್ನ ಕಚೇರಿ, ಹುದ್ದೆ ಹೇಳಿದೆ. ಅವಳು ಬಾಗಿಲಿನ ಚಿಲಕದ ಮೇಲಿನ ಕೈ ತೆಗೆಯಲಿಲ್ಲ. ಆಮೇಲೆ ಏನೋ ಹೊಳೆದವಳಂತೆ, ‘ತಮೆ ಅಕ್ಕಾಬೇನ್‌ನಾ ಘರ್‌ಥೀ ಆವ್ಯಾ?’ ಎಂದಳು. ಅಕ್ಕಾಬೇನ್ ಮನೆಯಿಂದ ಬಂದಿರಾ?

ನನ್ನ ಹೆಸರಿಗೆ, ನನ್ನ ಕೆಲಸಕ್ಕೆ, ನನ್ನ ಗುಜರಾತಿಗೆ ಅಲ್ಲಾಡದ ಬಾಗಿಲು ಆಕೆಯ ಹೆಸರಿಗೆ ಅಲ್ಲಾಡುತ್ತಿತ್ತು. ಇಲ್ಲ, ನಾನು ನನ್ನ ಮನೆಯಿಂದಲೇ ಬಂದವಳು ಎನ್ನಬೇಕೆಂದು ನಾಲಗೆಯ ತುದಿಗೆ ಬಂತು. ಅತ್ತೆಯ ಮುಖ ನೆನಪಾಯಿತು.

‘ಹಾ. ಹುಂ ಏಮನೀ ಬೇನ್ ಛುಂ’ ಎಂದೆ. ಹೌದು, ನಾನು ಅವರ ತಂಗಿ.

‘ಅರೇ, ಮೊದಲೇ ಹೇಳಬಾರದೇ!’ ಎಂದು ಬಾಗಿಲು ಅಗಲ ತೆರೆದಳು. ಕೂರಿಸಿ ನೀರು ಕೊಟ್ಟಳು. ಮಾಸ್ತರರು ತಾವೇ ಕತ್ತರಿ ತಂದು ಮಾತ್ರೆಯ ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಕೊಟ್ಟರು. ‘ಅಂಗಡಿ ತೆರೆದ ಮೇಲೆ ತಂದುಕೊಡಿ’ ಎಂದರು. ‘ಅಕ್ಕಾಬೇನ್‌ಗೆ ಹೇಳಿ, ನಮ್ಮ ಇಡ್ಲಿ ಸ್ಟ್ಯಾಂಡು ಇನ್ನೂ ಅವರಲ್ಲೇ ಇದೆ.’

ತಾರಸಿ ದಾಟಿ ಓಡಿ ಬಂದೆ. ಅತ್ತೆಯನ್ನು ಎತ್ತಿ ಕೂರಿಸಿ, ಅಂಗೈಯಲ್ಲಿ ಮಾತ್ರೆ ಇಟ್ಟು, ನೀರಿನ ಲೋಟ ಹಿಡಿದೆ. ಅವರು ಮಾತ್ರೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

‘ಯಾರ್ ಕೊಟ್ರು?’

‘ನಾ ತಂದೇನ್ರಿ. ನುಂಗ್ರಿ ಮೊದಲ.’

‘ತಂದಾಕಿ ನೀ ಅಂಬೂದು ಕಾಣಸ್ತದ. ಕೊಟ್ಟವರು ಯಾರು ಅಂತ ಕೇ‌ಳೇನಿ. ಗೊತ್ತಿಲ್ಲದವರ ಗುಳಿಗಿ ನಾ ನುಂಗಾಂಗಿಲ್ಲ.’

ಒಲೆಯ ಕಡೆ ನೋಡಿದೆ. ಆಕೆ ನಮಗೆ ಬೆನ್ನು ಹಾಕಿ ಖಿಚಡಿ ತಿರುವುತ್ತಿದ್ದಳು, ಕಿವಿ ಮಾತ್ರ ಇತ್ತ ಇದ್ದದ್ದು ನನಗೆ ಗೊತ್ತು.

‘ಅಕಿ ಕೊಟ್ಟಾಳ್ರಿ’ ಎಂದೆ. ‘ನಿಮ್ಮಾಕಿ.’

‘ಹಂಗಂದ್ರ ಕೊಡು’ ಎಂದು ಅತ್ತೆ ಬಾಯಿ ತೆರೆದರು.